ನಾಗರಪಂಚಮಿಯ ದಿನ ಬತ್ತಿದ ಟ್ಯಾಂಕು

ನಮ್ಮ ಟ್ರಕ್ಕಿನ ಹಿಂಬಾಗಿಲಿನ ಒಳಮೈಗೆ ಒಂದು ಸಣ್ಣ ಕರಿಹಲಗೆ ಇತ್ತು. ದಿನಾ ರಾತ್ರಿ ಊಟ ಮುಗಿದ ಮೇಲೆ ಅದರಲ್ಲಿ ಮರುದಿನದ ಕೆಲಸಗಳನ್ನು ಹಂಚಿ ಬರೆಯುತ್ತಿದ್ದರು. ಅಡುಗೆಗೆ ಇಬ್ಬರು, ಪಾತ್ರೆಗೆ ಮೂವರು, ಕಸಬರಿಗೆಗೆ ಇಬ್ಬರು, ಬೆಂಕಿಗೆ ಒಬ್ಬರು, ನೀರಿಗೆ ಇಬ್ಬರು. 34 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತ, ಕರಿಹಲಗೆಯ ಮೇಲೆ ಬೇರೆಯವರ ಹೆಸರು ಬರೆದವನು ನಾನು. ನನ್ನ ಹೆಸರನ್ನು ಇನ್ನೊಬ್ಬರು ಬರೆದದ್ದನ್ನು ಕಂಡದ್ದು ಅರವತ್ತು ತುಂಬಿದ ಮೇಲೆ, ಆಫ್ರಿಕದ ಬಯಲಿನಲ್ಲಿ.

ಅಲ್ಲಿಗೆ ಹೋದದ್ದು ಹೇಗೆಂದು ಮೊದಲು ಹೇಳಿಬಿಡುತ್ತೇನೆ. 2019ರ ಮೇ ತಿಂಗಳಲ್ಲಿ ನಾನು ನಿವೃತ್ತನಾದೆ. ಅದೇ ತಿಂಗಳು, ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಮಗಳು ಧಾರವಾಡಕ್ಕೆ ಬಂದು, ವಿಕ್ಟೋರಿಯಾ ಜಲಪಾತದಿಂದ ಕೇಪ್‌ಟೌನ್ ತನಕ ಇಪ್ಪತ್ತು ದಿನ ಟ್ರಕ್ಕಿನಲ್ಲಿ ಹೋಗುತ್ತೇನೆ, ರಾತ್ರಿ ಟೆಂಟಿನಲ್ಲಿ ಮಲಗುತ್ತೇನೆ, ದುಡ್ಡು ನನ್ನದೇ ಎಂದಳು. ಮನೆಯಲ್ಲಿ ಮೂರು ದಿನ ಒಲೆ ಸರಿಯಾಗಿ ಉರಿಯಲಿಲ್ಲ. ಟ್ರಕ್ಕಿನಲ್ಲಿಯೇ? ಟೆಂಟಿನಲ್ಲಿಯೇ? ಅದೂ ಗುರುತಿಲ್ಲದವರ ಜೊತೆ? ಕಡೆಗೆ ನನ್ನ ಹೆಂಡತಿಯೇ ಒಂದು ರಾಜಿಸೂತ್ರ ಹುಡುಕಿದಳು. ಅಪ್ಪನೂ ಜೊತೆಗೆ ಹೋಗುವುದಾದರೆ ತನ್ನ ಒಪ್ಪಿಗೆ ಇದೆ. ಮಗಳು ಒಂದು ದಿನ ಯೋಚಿಸಿ, ‘ಅಪ್ಪ ಬರಲಿ, ಆದರ ಅಪ್ಪನ ಹಂಗ ಬರಬಾರದು’ ಎಂದಳು. ಆ ಷರತ್ತಿನ ಅರ್ಥ ನನಗೆ ಆಗ ಪೂರ್ತಿ ತಿಳಿಯಲಿಲ್ಲ.

ಇಂಥ ಪ್ರವಾಸಗಳು ನಮ್ಮಲ್ಲಿ ಅಷ್ಟು ಪರಿಚಿತವಲ್ಲ. ಲಾರಿಯ ಹೊಟ್ಟೆಗೆ ಕಿಟಕಿ, ಸೀಟು ಜೋಡಿಸಿದ ಗಾಡಿ. ಪಕ್ಕದ ಬಾಗಿಲು ತೆಗೆದರೆ ಅಡುಗೆಮನೆ. ಅಡಿಯಲ್ಲಿ ಟೆಂಟು, ಸೌದೆ, ನೀರಿನ ಟ್ಯಾಂಕು. ನಮ್ಮದರಲ್ಲಿ ಏಳು ದೇಶಗಳ 16 ಮಂದಿ ಇದ್ದೆವು. ಓಡಿಸುವವನೂ ಅಡುಗೆಯ ಉಸ್ತುವಾರಿ ಹೊತ್ತ ಹೆಣ್ಣುಮಗಳೂ ಜಿಂಬಾಬ್ವೆಯವರು. ಹಣ ಕೊಟ್ಟು ಬಂದಿದ್ದೇವೆ, ಮಾಡಿ ಬಡಿಸುತ್ತಾರೆ ಎಂದುಕೊಂಡರೆ ಕೆಟ್ಟಿರಿ. ಟೆಂಟು ನಾವೇ ಹೊಡೆಯಬೇಕು, ತರಕಾರಿ ನಾವೇ ಹೆಚ್ಚಬೇಕು, ಪಾತ್ರೆ ನಾವೇ ತೊಳೆಯಬೇಕು. ತೊಳೆಯುವುದೂ ಮೂರು ಬೋಗುಣಿಗಳಲ್ಲಿ ಮಾತ್ರ. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರಿ ನೀರು, ಮೂರನೆಯದರಲ್ಲಿ ಕ್ರಿಮಿನಾಶಕ ಬೆರೆಸಿದ ನೀರು. ಒರೆಸುವ ಬಟ್ಟೆಯಿಂದ ಕಾಯಿಲೆ ಹರಡುತ್ತದೆಂದು ತಟ್ಟೆಗಳನ್ನು ಎರಡು ಕೈಯಲ್ಲಿ ಹಿಡಿದು ಗಾಳಿಗೆ ಬೀಸಿ ಒಣಗಿಸಬೇಕು. ಸಂಜೆಯ ಹೊತ್ತು ಹತ್ತಾರು ಜನ ವೃತ್ತಾಕಾರ ನಿಂತು ತಟ್ಟೆ ಬೀಸುವುದನ್ನು ದೂರದಿಂದ ಕಂಡವರು ಇದ್ಯಾವುದೋ ಪೂಜೆ ಎಂದುಕೊಂಡಾರು. ಚಾಲಕ ಇಷ್ಟಪಟ್ಟು ಉಣ್ಣುತ್ತಿದ್ದ ಮೆಕ್ಕೆಜೋಳದ ಸಡ್ಜಾ ಮಾತ್ರ ನನಗೆ ಹೊಸದೆನಿಸಲಿಲ್ಲ. ಮೈಸೂರು ಸೀಮೆಯವರು ನೋಡಿದರೆ ಬಿಳಿ ಮುದ್ದೆ ಎಂದು ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದರು.

ಚೋಬೆಯ ಆನೆಗಳು, ಒಕವಾಂಗೊದ ಜವುಗು, ಎತೋಷಾದ ಸಿಂಹ — ಮೊದಲ ಎರಡು ವಾರದ ಕತೆಯನ್ನು ಇಲ್ಲಿ ಹೇಳುವುದಿಲ್ಲ. ಅದೆಲ್ಲ ಮಗಳ ಕ್ಯಾಮೆರಾದಲ್ಲಿ ಭದ್ರವಾಗಿದೆ. ನಾನು ಹೇಳಹೊರಟದ್ದು ಕೊನೆಯ ಒಂದು ವಾರದ್ದು. ಅದರಲ್ಲಿ ಒಂದು ದಿನದ ಫೋಟೋ ಯಾರ ಹತ್ತಿರವೂ ಇಲ್ಲ.

ಮಂಜನ್ನು ಕುಡಿಯುವ ಹುಳು

ಆಗಸ್ಟ್ 3ರ ಬೆಳಿಗ್ಗೆ ನಾವು ನಮೀಬಿಯಾದ ಸ್ವಾಕೊಪ್ಮುಂಡ್ ಬಿಟ್ಟೆವು. ಒಂದು ಕಡೆ ಅಟ್ಲಾಂಟಿಕ್ ಸಾಗರ, ಇನ್ನೊಂದು ಕಡೆ ನಮೀಬ್ ಮರುಭೂಮಿ. ನಡುವೆ ಜರ್ಮನರ ಕಾಲದ ಮನೆಗಳಿರುವ ಊರು. ಸಮುದ್ರದಲ್ಲಿ ಬೆಂಗ್ವೆಲಾ ಎಂಬ ಶೀತ ಪ್ರವಾಹ ಹರಿಯುವುದರಿಂದ ಇಲ್ಲಿ ಮಳೆ ಅಪರೂಪ, ಮಂಜು ಧಾರಾಳ. ಆ ಮಂಜನ್ನೇ ನಂಬಿ ಬದುಕುವ ಒಂದು ಕರಿ ಜೀರುಂಡೆ ಇದೆ. ಮಂಜು ಬೀಳುವ ಮುಂಜಾನೆ ಮರಳದಿಬ್ಬದ ನೆತ್ತಿ ಹತ್ತಿ, ತಲೆ ಕೆಳಗೆ, ಬೆನ್ನು ಮೇಲೆ ಮಾಡಿ ನಿಲ್ಲುತ್ತದೆ. ಬೆನ್ನ ಮೇಲೆ ಕಟ್ಟಿದ ಹನಿ ಜಾರಿ ಬಾಯಿಗೆ ಬರುತ್ತದೆ. ಶೀರ್ಷಾಸನ ಹಾಕಿ ನೀರು ಕುಡಿಯುವ ಪ್ರಾಣಿ!

ದಕ್ಷಿಣದ ಸೆಸ್ರಿಮ್‌ಗೆ ಸುಮಾರು 350 ಕಿ.ಮೀ. ಬಹುತೇಕ ಜಲ್ಲಿ ರಸ್ತೆ. ದಾರಿಯಲ್ಲಿ ಕುಯಿಸೆಬ್ ನದಿಯ ಕಣಿವೆ ಸಿಗುತ್ತದೆ. ಎರಡನೆಯ ಮಹಾಯುದ್ಧದ ಸಮಯ, ಸೆರೆಶಿಬಿರಕ್ಕೆ ಹೋಗಲೊಲ್ಲದ ಹೆನ್ನೋ ಮಾರ್ಟಿನ್, ಹರ್ಮನ್ ಕಾರ್ನ್ ಎಂಬ ಇಬ್ಬರು ಜರ್ಮನ್ ಭೂವಿಜ್ಞಾನಿಗಳು 1940ರಲ್ಲಿ ಒಂದು ನಾಯಿಯನ್ನು ಕಟ್ಟಿಕೊಂಡು ಈ ಕಣಿವೆ ಸೇರಿದರು. ಎರಡೂವರೆ ವರ್ಷ ಬೇಟೆಯಾಡಿ, ಕಲ್ಲಿನ ಪೊಟರೆಯಲ್ಲಿ ಮಲಗಿ ಬದುಕಿದರು. ಕಾರ್ನ್ ಬೆರಿಬೆರಿ ರೋಗಕ್ಕೆ ತುತ್ತಾದ ಮೇಲೆಯೇ ಹೊರಬಂದದ್ದು. ಟ್ರಕ್ಕು ಅಲ್ಲಿ ಹತ್ತು ನಿಮಿಷ ನಿಂತಿತು. ನಾನು ಕೆಳಗೆ ನೋಡಿದೆ. ಒಂದು ಹನಿ ನೀರು ಕಾಣಲಿಲ್ಲ. ಮುಂದೆ ಮಕರ ಸಂಕ್ರಾಂತಿ ವೃತ್ತದ ಫಲಕ ಬಂತು. ಭೂಗೋಳದ ಪಾಠದಲ್ಲಿ ಗೆರೆಯಾಗಿದ್ದದ್ದು ಇಲ್ಲಿ ಸ್ಟಿಕರು ಮೆತ್ತಿಸಿಕೊಂಡ ಒಂದು ತಗಡಿನ ಹಲಗೆ. ಎಲ್ಲರೂ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡೆವು.

ಆ ವರ್ಷ ನಮೀಬಿಯಾದಲ್ಲಿ ಭಾರಿ ಬರ. ಮೇ ತಿಂಗಳಲ್ಲಿಯೇ ಅಲ್ಲಿನ ಅಧ್ಯಕ್ಷರು ಬರದ ತುರ್ತುಸ್ಥಿತಿ ಘೋಷಿಸಿದ್ದರು. ಹೊರಡುವಾಗಲೇ ಚಾಲಕ ನಮ್ಮನ್ನೆಲ್ಲ ನಿಲ್ಲಿಸಿ, ‘ಇನ್ನು ಮುಂದೆ ನೀರು ಎಂದರೆ ಡೀಸೆಲ್ ಎಂದುಕೊಳ್ಳಿ’ ಎಂದಿದ್ದ.

ಸೆಸ್ರಿಮ್ ಎಂಬ ಹೆಸರೇ ನೀರಿನದು. ಆಫ್ರಿಕಾನ್ಸ್ ಭಾಷೆಯಲ್ಲಿ ‘ಸೆಸ್’ ಎಂದರೆ ಆರು, ‘ರಿಮ್’ ಎಂದರೆ ತೊಗಲಿನ ಪಟ್ಟಿ. ಅಲ್ಲಿ ಸೌಚಾಬ್ ನದಿ ಕೊರೆದ ಕಿರಿದಾದ ಕಂದರವಿದೆ. ಆಳ ಸುಮಾರು 30 ಮೀಟರು. ಎತ್ತಿನ ಬಂಡಿಯಲ್ಲಿ ಬಂದ ವಲಸೆಗಾರರು ಆರು ತೊಗಲಿನ ಪಟ್ಟಿಗಳನ್ನು ಒಂದಕ್ಕೊಂದು ಗಂಟು ಹಾಕಿ ಬಕೆಟ್ಟು ಇಳಿಸಿದರೆ ತಳದ ನೀರು ಎಟುಕುತ್ತಿತ್ತಂತೆ. ನಮ್ಮ ಹಳ್ಳಿಯ ಬಾವಿಯ ಮಿಣಿ ನೆನಪಾಯಿತು. ಅಜ್ಜ ಮಿಣಿಗೆ ಎಣ್ಣೆ ಹಚ್ಚುತ್ತಿದ್ದದ್ದನ್ನು ಮಗಳಿಗೆ ಹೇಳಿದೆ. ಅವಳಿಗೆ ಮಿಣಿ ಎಂದರೇನೆಂದೇ ಗೊತ್ತಿರಲಿಲ್ಲ. ತಪ್ಪು ಅವಳದಲ್ಲ.

ಮರುದಿನ ಕತ್ತಲಲ್ಲೇ ಎದ್ದು ಸೊಸುಸ್‌ಫ್ಲೇ ಕಡೆ ಹೊರಟೆವು. ಸೆಸ್ರಿಮ್‌ನಿಂದ 45ನೇ ಕಿ.ಮೀ.ನಲ್ಲಿರುವ ದಿಬ್ಬಕ್ಕೆ ‘ಡ್ಯೂನ್ 45’ ಎಂದೇ ಹೆಸರು. ಅದರ ಏಣಿನ ಮೇಲೆ ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ. ನನ್ನ ಮುಂದೆ ಹತ್ತುತ್ತಿದ್ದವನು ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನಾದ ಒಬ್ಬ ಡಚ್ ಹುಡುಗ, ವಯಸ್ಸು 19. ಕಾಲೇಜು ಸೇರುವ ಮೊದಲು ಒಂದು ವರ್ಷ ದುಡಿದು, ಆ ಹಣದಲ್ಲಿ ಬಂದವನು. ನಾನು ಕೂತಲ್ಲೆಲ್ಲ ಅವನೂ ನಿಲ್ಲುತ್ತಿದ್ದ, ಏನೂ ಮಾತಾಡದೆ ಮರಳು ನೋಡುತ್ತಿದ್ದ, ನಾನು ಎದ್ದ ಮೇಲೆ ಹೊರಡುತ್ತಿದ್ದ. ಮುದುಕನಿಗಾಗಿ ನಿಲ್ಲುತ್ತಿದ್ದೇನೆ ಎಂದು ನನಗೆ ತೋರಬಾರದೆಂಬ ಎಚ್ಚರ ಅದು. ಮೇಲೆ ಸೂರ್ಯ ಬಂದಾಗ ದಿಬ್ಬದ ಒಂದು ಮಗ್ಗುಲು ಕುಂಕುಮ, ಇನ್ನೊಂದು ಮಗ್ಗುಲು ಕಪ್ಪು. ಮರಳಿನ ಕಣಗಳಿಗೆ ಹತ್ತಿದ ಕಬ್ಬಿಣದ ತುಕ್ಕೇ ಈ ಕೆಂಪು. ಆಚೆಯ ಡೆಡ್‌ಫ್ಲೇಯಲ್ಲಿ ಇನ್ನೊಂದು ವಿಚಿತ್ರ. ದಿಬ್ಬಗಳು ಅಡ್ಡಬಂದು ನದಿಯ ದಾರಿ ಕಟ್ಟಿಹೋದದ್ದರಿಂದ ಸತ್ತ ಜಾಲಿಮರಗಳು ಬಿಳಿ ಜೇಡಿಯ ನೆಲದಲ್ಲಿ ಸುಮಾರು 600-700 ವರ್ಷಗಳಿಂದ ನಿಂತೇ ಇವೆ. ಕೊಳೆಯಬೇಕಾದರೂ ತೇವ ಬೇಕು. ಅದೂ ಇಲ್ಲ.

ಆ ರಾತ್ರಿ ಹಲಗೆಯಲ್ಲಿ ನೀರಿನ ಮುಂದೆ ಎರಡು ಹೆಸರಿದ್ದವು. ಡಚ್ ಹುಡುಗನದು ಮತ್ತು ನನ್ನದು.

ತಂತಿಯ ಕೊಂಡಿ

ಟ್ಯಾಂಕಿನ ನಲ್ಲಿಯ ಬಗ್ಗೆ ಸ್ವಲ್ಪ ವಿವರಿಸಬೇಕು. ಟ್ರಕ್ಕಿನ ಪಕ್ಕದಲ್ಲಿ, ಚಕ್ರದ ಹಿಂದೆ, ಒಂದು ಹಿಡಿಯ ನಲ್ಲಿ. ಹಿಡಿ ಪೈಪಿಗೆ ಅಡ್ಡ ಇದ್ದರೆ ಬಂದ್, ನೇರ ಮಾಡಿದರೆ ಚಾಲೂ. ಜಲ್ಲಿ ರಸ್ತೆ ತಗಡಿನ ಶೀಟಿನ ಹಾಗೆ ಅಲೆ ಅಲೆಯಾಗಿರುವುದರಿಂದ, ಆ ನಡುಕಕ್ಕೆ ಹಿಡಿ ತಾನಾಗಿ ಸರಿಯದಿರಲೆಂದು ಅದಕ್ಕೊಂದು ತಂತಿಯ ಕೊಂಡಿ. ನಲ್ಲಿ ಮುಟ್ಟಿದವರು ಕೊಂಡಿ ಹಾಕಬೇಕು. ಅಷ್ಟೇ ನಿಯಮ. ಮೊದಲ ದಿನವೇ ಹೇಳಿಕೊಟ್ಟಿದ್ದರು.

ಸೋಮವಾರ, ಆಗಸ್ಟ್ 5. ಬೆಳಿಗ್ಗೆ ಐದಕ್ಕೆ ಹುಡುಗನೂ ನಾನೂ ಕ್ಯಾಂಪಿನ ನಲ್ಲಿಗೆ ಪೈಪು ಸಿಕ್ಕಿಸಿ ಟ್ಯಾಂಕು ತುಂಬಿಸಿದೆವು. ಅವನು ಕೊಂಡಿ ಹಾಕಿದ. ನಾನೇ ನೋಡಿದೆ. ಎಲ್ಲರೂ ಹತ್ತಿ ಕೂತ ಮೇಲೆ ನನ್ನ ಬಾಟಲಿ ಖಾಲಿ ಇರುವುದು ಗೊತ್ತಾಯಿತು. ಇಳಿದೆ. ಮಗಳು ಬಾಗಿಲಲ್ಲಿ ನಿಂತು ಬ್ಯಾಟರಿ ಹಿಡಿದಳು. ನೀರು ತುಂಬಿಸಿದೆ, ಹಿಡಿ ತಿರುಗಿಸಿದೆ. ಚಳಿಗೆ ಬೆರಳು ಮರಗಟ್ಟಿದ್ದವು, ಚಾಲಕ ಹಾರನ್ ಒತ್ತಿದ. ಓಡಿಬಂದು ಹತ್ತಿದೆ.

ಅಂದು ನಾಗರಪಂಚಮಿ. ನಮ್ಮ ಕಡೆ ಅದು ದೊಡ್ಡ ಹಬ್ಬ, ಉಂಡಿಯ ಹಬ್ಬ, ಜೋಕಾಲಿಯ ಹಬ್ಬ. ಹೆಂಡತಿ ಒಂದು ಡಬ್ಬಿ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ, ಪಂಚಮಿಯ ತನಕ ಮುಟ್ಟಕೂಡದೆಂದು ಮೇಲೆ ಚೀಟಿ ಅಂಟಿಸಿದ್ದಳು. ಜೋಕಾಲಿಯ ಕೊರತೆಯನ್ನು ಆ ರಸ್ತೆ ತುಂಬಿಕೊಟ್ಟಿತು. ಐನೂರು ಕಿ.ಮೀ. ಮೀರಿದ ದಾರಿ, ಸಂಜೆಯೊಳಗೆ ಫಿಶ್ ನದಿಯ ಮಹಾಕಂದರ ತಲುಪಿ, ಅಂಚಿನಲ್ಲಿ ಕೂತು ಸೂರ್ಯಾಸ್ತ ನೋಡುವುದು ಅಂದಿನ ಕಾರ್ಯಕ್ರಮ. ಎಷ್ಟೋ ಮಂದಿ ಈ ಒಂದು ಸಂಜೆಗಾಗಿಯೇ ಈ ಪ್ರವಾಸ ಆರಿಸಿಕೊಂಡವರು.

ಮಧ್ಯಾಹ್ನ ಒಂದು ಗಂಟೆಗೆ ಒಂಟಿ ಜಾಲಿಮರದ ನೆರಳಲ್ಲಿ ಊಟಕ್ಕೆ ನಿಂತೆವು. ಟೊಮ್ಯಾಟೊ ತೊಳೆಯಲು ನಲ್ಲಿ ತಿರುಗಿಸಲು ಹೋದವಳು ಅಲ್ಲಿಯೇ ಬಗ್ಗಿ ನಿಂತಳು. ಹಿಡಿ ಆಗಲೇ ನೇರವಾಗಿತ್ತು. ಕೊಂಡಿ ಜೋತುಬಿದ್ದಿತ್ತು. ಟ್ರಕ್ಕಿನ ಮೈಮೇಲೆ ಕೆಂಧೂಳಿನ ನಡುವೆ ಒಂದು ತೊಳೆದ ಗೆರೆ. ಇನ್ನೂರು ಲೀಟರು ನೀರು ಮರುಭೂಮಿಯ ರಸ್ತೆಗೆ ಎರೆದು ಬಂದಿದ್ದೆವು.

ಯಾರೂ ಸಾಯುವ ಪ್ರಸಂಗವಲ್ಲ ಎನ್ನಿ. ಎಲ್ಲರ ಬಾಟಲಿಯಲ್ಲಿ ಒಂದಿಷ್ಟು ನೀರಿತ್ತು, ಇಪ್ಪತ್ತು ಲೀಟರಿನ ಒಂದು ಡಬ್ಬ ಕಾಯ್ದಿರಿಸಿದ್ದೂ ಇತ್ತು. ಆದರೆ 18 ಜನರನ್ನು ಕೂರಿಸಿಕೊಂಡು ಒಂದೇ ಡಬ್ಬ ನೀರಿನ ಮೇಲೆ ಮರುಭೂಮಿಯಲ್ಲಿ ಮುಂದೆ ಹೋಗಕೂಡದೆಂಬುದು ಅವರ ನಿಯಮ. ಗಾಡಿ ಕೆಟ್ಟರೆ ಗತಿಯೇನು? ಚಾಲಕ ಕೋಪಿಸಿಕೊಳ್ಳಲಿಲ್ಲ. ‘ಕೊನೆಗೆ ನಲ್ಲಿ ಮುಟ್ಟಿದವರು ಯಾರು?’ ಎಂದಷ್ಟೇ ಕೇಳಿದ.

ಹುಡುಗ ತಲೆ ತುರಿಸಿಕೊಂಡ. ‘ಬೆಳಿಗ್ಗೆ ನಾನು ಮುಚ್ಚಿದೆ. ಕೊಂಡಿ ಹಾಕಿದೆ ಎಂದೇ ನೆನಪು. ಬಹುಶಃ ಹಾಕಿಲ್ಲವೇನೋ’ ಎಂದ.

ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಹೆಚ್ಚುತ್ತಲೇ ಇದ್ದೆ.

ಏಕೆ ಬಾಯಿ ಬಿಡಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಂಗ್ಲಿಷು ತಡವರಿಸುತ್ತದೆ ಎಂಬುದು ಒಂದು ನೆಪ. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯ, ಎಲ್ಲರೂ ಮರ್ಯಾದೆ ಕೊಡುವವನು, ಮಗಳು ಎದುರಿಗಿದ್ದಾಳೆ ಎಂಬುದು ಇನ್ನೊಂದು. ಮೊದಲ ಅರ್ಧ ನಿಮಿಷದಲ್ಲಿ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅರ್ಧ ನಿಮಿಷ ಕಳೆದ ಮೇಲೆ, ಇಷ್ಟು ಹೊತ್ತು ಏಕೆ ಸುಮ್ಮನಿದ್ದೆ ಎಂಬುದನ್ನೂ ಸೇರಿಸಿ ಹೇಳಬೇಕಾಗುತ್ತದೆ. ಹೊತ್ತು ಹೋದಂತೆ ಸಾಲಕ್ಕೆ ಬಡ್ಡಿ ಬೆಳೆಯುತ್ತ ಹೋಯಿತು.

ಊಟ ಒಣಗಲು ಬ್ರೆಡ್ಡಿಗೇ ಮುಗಿಯಿತು. ಉಂಡಿಯ ಡಬ್ಬಿ ತೆಗೆದು ಎಲ್ಲರಿಗೂ ಹಂಚಿದೆ. ‘ಇವತ್ತು ನಮ್ಮ ಹಬ್ಬ’ ಎಂದೆ. ಹುಡುಗ ಎರಡು ತೆಗೆದುಕೊಂಡು ಧನ್ಯವಾದ ಹೇಳಿದ. ಅವನ ಕಣ್ಣು ನೋಡಲು ನನ್ನಿಂದಾಗಲಿಲ್ಲ.

ರಸ್ತೆ ಬಿಟ್ಟು ಸುಮಾರು ನಲವತ್ತು ಕಿ.ಮೀ. ಒಳಗಿನ ಒಂದು ಸಣ್ಣ ವಸತಿಗೆ ಹೋದೆವು. ನಾಲ್ಕಾರು ಮನೆ, ಒಂದು ಗಾಳಿಯಂತ್ರದ ಬಾವಿ. ಬೇಲಿಯಾಚೆ ಪಕ್ಕೆಲುಬು ಎಣಿಸಬಹುದಾದ ಕುರಿಗಳು. ಒಬ್ಬ ಅಜ್ಜಿ ಹೊರಗೆ ಬಂದು ಚಾಲಕನ ಮಾತು ಕೇಳಿ, ಬಾವಿ ನೋಡಿ, ಕುರಿಗಳನ್ನು ನೋಡಿ, ಎರಡು ಡಬ್ಬ ತುಂಬಿಸಿಕೊಳ್ಳಿ ಎಂದಳು. ಹಣ ಬೇಡವೆಂದಳು. ಅಡುಗೆಯ ಹೆಣ್ಣುಮಗಳು ಐದು ಕಿಲೋ ಮೆಕ್ಕೆಜೋಳದ ಹಿಟ್ಟು ಕೊಟ್ಟಾಗ ಮಾತ್ರ ಇಸಿದುಕೊಂಡಳು. ಆ ಕುರಿಗಳ ಪಾಲಿನ ನಲವತ್ತು ಲೀಟರನ್ನು ನಾನು ಹೊತ್ತು ತಂದೆ. ಅಜ್ಜಿಯ ಕೈಯಲ್ಲಿ ನಾಲ್ಕು ಉಂಡಿ ಇಟ್ಟೆ. ಮೂಸಿ ನೋಡಿ ನಕ್ಕಳು.

ಕಂದರದ ಬಳಿಯ ಹೋಬಸ್ ಕ್ಯಾಂಪು ಮುಟ್ಟಿದಾಗ ಗಂಟೆ ಎಂಟು. ಕತ್ತಲು ಕವಿದು ಎಷ್ಟೋ ಹೊತ್ತಾಗಿತ್ತು. ಸೂರ್ಯಾಸ್ತ ಯಾರಿಗೂ ಸಿಗಲಿಲ್ಲ. ಯಾರೂ ಬಾಯಿಬಿಟ್ಟು ದೂರಲಿಲ್ಲ. ಒಬ್ಬರು ಮಾತ್ರ ಹುಡುಗನ ಬೆನ್ನು ತಟ್ಟಿ, ‘ಮುಂದಿನ ಸಲ ಕೊಂಡಿ’ ಎಂದು ನಕ್ಕರು. ಅವನೂ ನಕ್ಕ. ಅಂದು ಪಾತ್ರೆಯ ಸರದಿ ಅವನದಲ್ಲ. ಆದರೂ ಅಷ್ಟೂ ಪಾತ್ರೆಗಳನ್ನು ಅವನೊಬ್ಬನೇ ತೊಳೆದ, ಅಷ್ಟೂ ತಟ್ಟೆಗಳನ್ನು ಅವನೊಬ್ಬನೇ ಬೀಸಿದ.

ಟೆಂಟಿನಲ್ಲಿ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ನಿದ್ದೆ ಬಂದಿರಬೇಕು ಎಂದುಕೊಂಡೆ. ಆಗ ಕತ್ತಲಲ್ಲಿ ಕೇಳಿದಳು: ‘ಅಪ್ಪಾ, ಎಂಟನೇ ಕ್ಲಾಸಿನ್ಯಾಗ ನಾ ಹಲಗಿ ಕೈವಾರ ಮುರದಾಗ, ಯಾರು ಮುರದಾರ ಹೇಳೂತನಕ ಇಡೀ ಕ್ಲಾಸ್ ನಿಂದರ್ಸಿದ್ದಿ. ನೆನಪೈತೇನು?’

ನೆನಪಿತ್ತು. ಅಂದು ಅವಳು ಎದ್ದು ಹೇಳುವಷ್ಟರಲ್ಲಿ ಒಂದು ಪೀರಿಯಡ್ ಮುಗಿದಿತ್ತು. ಮನೆಗೆ ಬಂದು ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ನಾನು ಹೆಮ್ಮೆಯಿಂದಲೇ ಇದ್ದೆ.

‘ನೀ ಹೇಳತಿಯೇನು, ನಾ ಹೇಳಲೇನು?’ ಎಂದಳು.

ಕಂದರದ ಅಂಚಿನಲ್ಲಿ

ಚಾಲಕ ಒಳ್ಳೆಯವನು. ಸೂರ್ಯಾಸ್ತ ತಪ್ಪಿದ್ದಕ್ಕೆ ಸೂರ್ಯೋದಯ ತೋರಿಸುತ್ತೇನೆಂದು ಬೆಳಿಗ್ಗೆಯೇ ಹತ್ತು ಕಿ.ಮೀ. ದೂರದ ವೀಕ್ಷಣಾ ಸ್ಥಳಕ್ಕೆ ಕರೆದೊಯ್ದ. ಫಿಶ್ ನದಿಯ ಈ ಕಂದರ ಸುಮಾರು 160 ಕಿ.ಮೀ. ಉದ್ದ, ಕೆಲವೆಡೆ 27 ಕಿ.ಮೀ. ಅಗಲ, ಆಳ ಸುಮಾರು 550 ಮೀಟರು. ಅಂಕಿಗಳನ್ನು ಓದಿದರೆ ಏನೂ ಆಗುವುದಿಲ್ಲ. ನೆಲ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ, ಆಮೇಲೆ ಕೆಳಗೆ ಇನ್ನೊಂದು ದೇಶವೇ ಇದ್ದ ಹಾಗೆ ಬೆಟ್ಟಗಳ ನೆತ್ತಿ ಕಾಣುತ್ತವೆ. ತಳದಲ್ಲಿ ನದಿ ಚಳಿಗಾಲಕ್ಕೆ ತುಂಡುತುಂಡಾಗಿ ಹಸಿರು ಮಡುಗಳಾಗಿ ನಿಂತಿತ್ತು. ಆ ತಳದಲ್ಲಿ ನಾಲ್ಕೈದು ದಿನ, ಸುಮಾರು 85 ಕಿ.ಮೀ. ನಡೆದು ಐ-ಐಸ್ ಎಂಬ ಬಿಸಿನೀರಿನ ಬುಗ್ಗೆಯ ಬಳಿ ಮೇಲೆ ಬರುವ ಚಾರಣದ ದಾರಿ ಇದೆ. ಬೇಸಿಗೆಯ ಸೆಕೆಯಲ್ಲಿ ಅದನ್ನು ಮುಚ್ಚಿಬಿಡುತ್ತಾರೆ. ಚಳಿಗಾಲದಲ್ಲೂ ವೈದ್ಯರ ಪ್ರಮಾಣಪತ್ರವಿಲ್ಲದೆ ಇಳಿಯಗೊಡುವುದಿಲ್ಲ.

ಬಿಸಿಲು ಎದುರಿನ ಗೋಡೆಗೆ ಬಿದ್ದು ಕೆಳಗಿಳಿಯುವುದನ್ನು ಎಲ್ಲರೂ ನೋಡಿದರು. ಕಾಫಿಯ ಲೋಟ ಹಂಚುವಾಗ ನಾನು ಎದ್ದು ನಿಂತೆ. ರಾತ್ರಿಯೆಲ್ಲ ಇಂಗ್ಲಿಷಿನಲ್ಲಿ ಕೂಡಿಸಿಟ್ಟುಕೊಂಡಿದ್ದ ವಾಕ್ಯಗಳಲ್ಲಿ ಮೂರೇ ಹೊರಬಂದವು. ‘ನಿನ್ನೆ ಕೊನೆಗೆ ನಲ್ಲಿ ಮುಟ್ಟಿದವನು ನಾನು. ಕೊಂಡಿ ಹಾಕಲು ಮರೆತೆ. ಆಗಲೇ ಹೇಳಬೇಕಿತ್ತು, ಹೇಳಲಿಲ್ಲ.’

ಒಂದಿಬ್ಬರು ‘ಪರವಾಗಿಲ್ಲ’ ಎಂದರು. ಚಾಲಕ ತಲೆಯಾಡಿಸಿದ. ಹುಡುಗ ಮಾತ್ರ ಲೋಟ ಹಿಡಿದುಕೊಂಡೇ ನನ್ನನ್ನು ನೋಡಿದ.

‘ನೀವು ಮೇಷ್ಟ್ರಲ್ಲವೆ?’ ಎಂದ.

ಹೌದೆಂದೆ. ಅವನು ಬೇರೇನೂ ಕೇಳದೆ ಕಂದರದ ಕಡೆ ತಿರುಗಿಕೊಂಡ.

ತಪ್ಪೊಪ್ಪಿಕೊಂಡವರನ್ನು ಜನ ಅಪ್ಪಿಕೊಳ್ಳುತ್ತಾರೆ ಎಂದು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ. ಆ ದಿನ, ಮರುದಿನ, ಹುಡುಗ ನನ್ನ ಹತ್ತಿರ ಸುಳಿಯಲಿಲ್ಲ. ಅದು ಅವನ ಹಕ್ಕು. ಮಗಳು ಮಾತ್ರ ಟ್ರಕ್ಕಿನಲ್ಲಿ ಬಂದು ನನ್ನ ಪಕ್ಕ ಕೂತಳು. ಅಷ್ಟು ದಿನ ಅವಳು ಹಿಂದಿನ ಸೀಟಿನಲ್ಲಿ ಹುಡುಗ ಹುಡುಗಿಯರ ಜೊತೆ ಕೂರುತ್ತಿದ್ದಳು.

ಆರೆಂಜ್ ನದಿ ದಾಟಿ

ಅಂದು ಸಂಜೆ ಆರೆಂಜ್ ನದಿಯ ದಡ ಮುಟ್ಟಿದೆವು. ಎರಡು ವಾರ ಒಣಭೂಮಿ ನೋಡಿದ ಕಣ್ಣಿಗೆ ಹರಿಯುವ ನೀರು ಎಂದರೆ ಏನೆಂದು ಹೇಳಲಿ! ಎರಡೂ ದಡದಲ್ಲಿ ಬೋಳು ಬೆಟ್ಟ, ನಡುವೆ ಹಸಿರು ಪಟ್ಟಿ, ದ್ರಾಕ್ಷಿಯ ತೋಟ. ಹೆಸರು ಆರೆಂಜ್ ಎಂದಿದ್ದರೂ ಕಿತ್ತಳೆ ಹಣ್ಣಿಗಾಗಲಿ ಬಣ್ಣಕ್ಕಾಗಲಿ ಸಂಬಂಧವಿಲ್ಲ. 1779ರಲ್ಲಿ ರಾಬರ್ಟ್ ಜೇಕಬ್ ಗಾರ್ಡನ್ ಎಂಬಾತ ಡಚ್ ರಾಜಮನೆತನದ ಹೆಸರನ್ನು ಇಟ್ಟದ್ದು. ಲೆಸೋಥೊದ ಬೆಟ್ಟಗಳಲ್ಲಿ ಹುಟ್ಟಿ ಸುಮಾರು 2,200 ಕಿ.ಮೀ. ಹರಿದು ಅಟ್ಲಾಂಟಿಕ್ ಸೇರುತ್ತದೆ. ಇಲ್ಲಿ ಅದೇ ಗಡಿ. ಉತ್ತರಕ್ಕೆ ನಮೀಬಿಯಾ, ದಕ್ಷಿಣಕ್ಕೆ ದಕ್ಷಿಣ ಆಫ್ರಿಕ. ಗಡಿ ನದಿಯ ನಡುವೆ ಇದೆ ಎಂದು ನಮೀಬಿಯಾ ಹೇಳುತ್ತದೆ. 1890ರ ಬ್ರಿಟಿಷ್-ಜರ್ಮನ್ ಒಪ್ಪಂದದಂತೆ ಉತ್ತರದ ದಡವೇ ಗಡಿ ಎಂಬುದು ದಕ್ಷಿಣ ಆಫ್ರಿಕದ ವಾದ. ಅಂದರೆ ಮರುದಿನ ನಾವು ದೋಣಿಯಲ್ಲಿ ಹುಟ್ಟು ಹಾಕಿದ ನೀರು ಯಾರದೆಂಬುದೇ ತೀರ್ಮಾನವಾಗಿಲ್ಲ. ಕೃಷ್ಣಾ, ಕಾವೇರಿಯ ಜಗಳ ಕಂಡ ನಮಗೆ ಇದು ಹೊಸತೇ?

ಇನ್ನೊಂದು ಸಂಗತಿ ತಿಳಿದು ನಾನು ದಂಗಾದೆ. ಸೊಸುಸ್‌ಫ್ಲೇಯಲ್ಲಿ ನಾವು ಏದುಸಿರು ಬಿಡುತ್ತ ಹತ್ತಿದ ಮರಳು ಬಹುಪಾಲು ಈ ನದಿಯೇ ತಂದದ್ದು. ನದಿ ಅದನ್ನು ಕಡಲಿಗೆ ಸುರಿಯುತ್ತದೆ, ಕಡಲಿನ ಸೆಳೆತ ಉತ್ತರಕ್ಕೆ ಒಯ್ಯುತ್ತದೆ, ಗಾಳಿ ಒಳನಾಡಿಗೆ ತೂರುತ್ತದೆ. ಈ ನದಿ ವಜ್ರಗಳನ್ನೂ ಹೀಗೆಯೇ ಕರಾವಳಿಗೆ ಹೊತ್ತು ತಂದಿದೆ. ಜಗತ್ತಿನ ಅತ್ಯಂತ ಒಣ ಜಾಗಗಳಲ್ಲಿ ಒಂದನ್ನು ಕಟ್ಟಿದ್ದು ಒಂದು ಹೊಳೆ!

ಆಗಸ್ಟ್ 8ರಂದು ಗಡಿ ದಾಟಿ ಸ್ಪ್ರಿಂಗ್‌ಬಾಕ್ ಎಂಬ ಊರಿಗೆ ಬಂದೆವು. ನಮಾಕ್ವಾಲ್ಯಾಂಡಿನ ಹೂಗಳ ಕಾಲ ಆಗಷ್ಟೇ ಶುರು. ರಸ್ತೆಯ ಬದಿ ಅಲ್ಲಲ್ಲಿ ಕೇಸರಿ ಬಣ್ಣದ ಡೇಸಿಗಳು ಸೂರ್ಯನ ಕಡೆಗೇ ಮುಖ ಮಾಡಿ ನಿಂತಿದ್ದವು. ಪೆಟ್ರೋಲ್ ಬಂಕಿನ ಪಕ್ಕದ ಹೋಟೆಲಿನಲ್ಲಿ ವೈಫೈ ಸಿಕ್ಕಿತು. ಮೂರು ದಿನದ ಸಂದೇಶಗಳು ಒಟ್ಟಿಗೆ ಬಂದು ಬಿದ್ದವು. ಮಗಳು ಓದುತ್ತ ಓದುತ್ತ ಮುಖ ಬಿಳಿಚಿಕೊಂಡಳು.

ನೀವು ಮರೆತಿರಲಾರಿರಿ, 2019ರ ಆ ಆಗಸ್ಟಿನಲ್ಲಿ ಉತ್ತರ ಕರ್ನಾಟಕದಲ್ಲಿ ಏನಾಯಿತೆಂದು. ಘಟಪ್ರಭಾ, ಮಲಪ್ರಭಾ, ಕೃಷ್ಣಾ ಒಟ್ಟಿಗೆ ಉಕ್ಕಿದ್ದವು. ನನ್ನ ಅಕ್ಕನ ಮನೆ ಗೋಕಾಕಿನಲ್ಲಿ, ಹೊಳೆಯಿಂದ ದೂರವಲ್ಲ. ಮನೆಯೊಳಗೆ ಎದೆಮಟ್ಟ ನೀರು. ಅಕ್ಕ, ಭಾವ, ಮೊಮ್ಮಕ್ಕಳು ಶಾಲೆಯೊಂದರ ಪರಿಹಾರ ಕೇಂದ್ರದಲ್ಲಿದ್ದರು. ಫೋಟೋದಲ್ಲಿ ಅವಳ ಅಡುಗೆಮನೆಯ ಡಬ್ಬಿಗಳು ತೇಲುತ್ತಿದ್ದವು. ಪಂಚಮಿಯ ಉಂಡಿ ಇಟ್ಟಿದ್ದ ಡಬ್ಬಿಗಳು. ನಾನು ಇನ್ನೂರು ಲೀಟರು ಚೆಲ್ಲಿ ನಿದ್ದೆಗೆಟ್ಟಿದ್ದೆ.

ಫೋನು ಮಾಡಿದರೆ ಹತ್ತಲಿಲ್ಲ. ಟ್ರಕ್ಕು ಹೊರಟಿತು. ಮಗಳು ಯಾರಿಗೋ ಹೇಳಿರಬೇಕು. ಸಂಜೆಯೊಳಗೆ ಎಲ್ಲರೂ ಒಬ್ಬೊಬ್ಬರಾಗಿ ಬಂದು ವಿಚಾರಿಸಿದರು. ಹುಡುಗ ಕಡೆಗೆ ಬಂದ. ಅವನ ದೇಶದಲ್ಲಿ ಕಾಲುಪಾಲು ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆಯಲ್ಲ, ಪ್ರವಾಹವೆಂದರೆ ಅವನಿಗೆ ವಿವರಿಸಬೇಕಾಗಿರಲಿಲ್ಲ. ಮನೆ ಮಣ್ಣಿನದೋ ಕಲ್ಲಿನದೋ ಎಂದು ಕೇಳಿದ. ಕಲ್ಲಿನದು ಎಂದೆ. ‘ಹಾಗಾದರೆ ನಿಲ್ಲುತ್ತದೆ’ ಎಂದ.

ಕೊನೆಯ ಕ್ಯಾಂಪು ಸೀಡರ್‌ಬರ್ಗ್ ಬೆಟ್ಟಗಳ ಬುಡದಲ್ಲಿ. ರೂಯಿಬೋಸ್ ಎಂಬ ಕೆಂಪು ಚಹಾದ ಗಿಡ ಬೆಳೆಯುವುದು ಆ ಸುತ್ತಿನಲ್ಲಿ ಮಾತ್ರ. ರುಚಿ ನನಗೆ ಹಿಡಿಸಲಿಲ್ಲ. ಕಷಾಯ ಎಂದುಕೊಂಡು ಕುಡಿದರೆ ಸರಿ. ಊಟದ ಮೇಲೆ ಹಲಗೆ ನೋಡಲು ಹೋದೆ. ಕೊನೆಯ ದಿನ ಬೇಕಾದ ಕೆಲಸ ಬೇಕಾದವರು ಆರಿಸಿಕೊಂಡು ಬರೆಯಿರಿ ಎಂದು ಸೀಮೆಸುಣ್ಣವನ್ನು ನಮ್ಮ ಕೈಗೇ ಬಿಟ್ಟಿದ್ದರು. ನೀರಿನ ಮುಂದೆ ಹುಡುಗ ತನ್ನ ಹೆಸರು ಬರೆದು, ಪಕ್ಕದಲ್ಲಿ ನನ್ನದನ್ನೂ ಬರೆದಿದ್ದ. ಕಾಗುಣಿತ ತಪ್ಪಾಗಿತ್ತು.

ಬೆಳಿಗ್ಗೆ ಟ್ಯಾಂಕು ತುಂಬಿಸಿ ಹಿಡಿ ತಿರುಗಿಸಿ, ಕೊಂಡಿ ಹಾಕಿದೆ. ಅವನು ಬಗ್ಗಿ ಬ್ಯಾಟರಿ ಬಿಟ್ಟು ನೋಡಿದ, ಕೊಂಡಿಯನ್ನು ಒಂದು ಸಲ ಎಳೆದು ನೋಡಿದ. ಮತ್ತೆ ನಾನೂ ಎಳೆದು ನೋಡಿದೆ. ಅವನಿಗೆ ನಗು ತಡೆಯಲಾಗಲಿಲ್ಲ.

ಕೇಪ್‌ಟೌನ್ ಹತ್ತಿರವಾದಂತೆ ಗೋಧಿಯ ಹೊಲಗಳು, ಆಮೇಲೆ ದೂರದಲ್ಲಿ ಮೇಜಿನ ಹಾಗೆ ಚಪ್ಪಟೆ ತಲೆಯ ಟೇಬಲ್ ಮೌಂಟನ್. ಟ್ರಕ್ಕಿನಲ್ಲಿ ಎಲ್ಲರೂ ಕೂಗಿದರು. ಈ ಊರು ಅದರ ಹಿಂದಿನ ವರ್ಷ ನಲ್ಲಿಗಳೇ ಬತ್ತುವ ‘ಸೊನ್ನೆ ದಿನ’ದ ಹತ್ತಿರಕ್ಕೆ ಹೋಗಿ ಪಾರಾಗಿತ್ತು. 2018ರ ಫೆಬ್ರುವರಿಯಿಂದ ಒಬ್ಬರಿಗೆ ದಿನಕ್ಕೆ 50 ಲೀಟರು ಮಾತ್ರ ಎಂಬ ಮಿತಿ. ಆ ಜನವರಿಯಲ್ಲಿ ಟೆಸ್ಟ್ ಆಡಲು ಹೋಗಿದ್ದ ನಮ್ಮ ಕ್ರಿಕೆಟಿಗರಿಗೂ ಎರಡೇ ನಿಮಿಷ ಶವರ್ ಎಂದು ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಜನ ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಕಕ್ಕಸಿಗೆ ಸುರಿದರು, ಬುಗ್ಗೆಯ ಮುಂದೆ ಡಬ್ಬ ಹಿಡಿದು ಸಾಲುಗಟ್ಟಿದರು. ಮಳೆಗಾಲ ಬರುವ ತನಕ ಊರು ಹಾಗೆಯೇ ತಳ್ಳಿತು. ನಮ್ಮ ವಸತಿಗೃಹದ ಬಚ್ಚಲಿನಲ್ಲಿ, ಶವರಿನ ಕೆಳಗೆ ಆ ಬಕೆಟ್ಟು ಇನ್ನೂ ಇತ್ತು. ಇಪ್ಪತ್ತು ದಿನಗಳ ಧೂಳನ್ನು ಅದೊಂದೇ ಬಕೆಟ್ಟಿನ ನೀರಿನಲ್ಲಿ ತೊಳೆದುಕೊಂಡೆ. ಧಾರವಾಡದಲ್ಲಿ ಎಂಟು ದಿನಕ್ಕೊಮ್ಮೆ ನಲ್ಲಿ ಬರುವ ಕಾಲ ಕಂಡವನಿಗೆ ಅದೇನು ಕಷ್ಟವಲ್ಲ.

ರಾತ್ರಿ ಹತ್ತು ಗಂಟೆ, ನಮ್ಮಲ್ಲಿ ಒಂದೂವರೆ. ಈ ಹೊತ್ತಿನಲ್ಲಿ ಬೇಡ ಎಂದುಕೊಳ್ಳುತ್ತಲೇ ನಂಬರು ಒತ್ತಿದೆ. ಮೊದಲ ರಿಂಗಿಗೇ ಅಕ್ಕ ಎತ್ತಿದಳು. ಶಾಲೆಯ ಕೋಣೆಯಲ್ಲಿ ಯಾರಿಗೂ ನಿದ್ದೆಯಿಲ್ಲವಂತೆ, ಮಕ್ಕಳು ಅಳುತ್ತಿವೆಯಂತೆ. ಮನೆ ನಿಂತಿದೆ, ಒಳಗೇನೂ ಉಳಿದಿಲ್ಲ. ಸುತ್ತ ಎಲ್ಲಿ ನೋಡಿದರೂ ನೀರು, ಕುಡಿಯುವುದಕ್ಕೆ ಮಾತ್ರ ಟ್ಯಾಂಕರಿಗೆ ಕಾಯಬೇಕು. ಹೇಳುತ್ತ ಹೇಳುತ್ತ ಅವಳೇ ಮಾತು ನಿಲ್ಲಿಸಿದಳು.

‘ಅದಿರಲಿ, ಮರಳುಗಾಡಿಗೆ ಹೋಗೇವಿ ಅಂದಿದ್ರಿ. ಅಲ್ಲೆ ನಿಮಗ ಕುಡಿಯಾಕ ನೀರು ಬರೋಬ್ಬರಿ ಸಿಗತೈತಿಲ್ಲೋ?’ ಎಂದಳು.

ಸಿಗತೈತಿ ಎಂದೆ.